ಎಪ್ಪತ್ತೆಂಟು ಕಾರ್ಡಿನ ಕರಡು

ಮಾರ್ಚ್ 3, ಸೋಮವಾರ

ಮ್ಯಾನೇಜರಿಗೆ ತಲೆ ಕೆಟ್ಟಿದೆ ಎಂಬುದು ಇವತ್ತು ಖಾತ್ರಿಯಾಯಿತು. ನಾನು ಸೇರಿದ ಮೂವತ್ತೊಂದು ವರ್ಷದಲ್ಲಿ ಶಾಲೆಯ ಪುಸ್ತಕ, ಪರೀಕ್ಷೆಯ ಪ್ರಶ್ನೆಪತ್ರಿಕೆ ಬಿಟ್ಟು ಬೇರೇನನ್ನೂ ಅಚ್ಚು ಹಾಕದ ನಮ್ಮ ಬ್ರೈಲ್ ಮುದ್ರಣಾಲಯ ಈಗ ಟ್ಯಾರೋ ಕಾರ್ಡು ಮಾಡುತ್ತದಂತೆ. ಎಪ್ಪತ್ತೆಂಟು ಕಾರ್ಡು, ಒಂದೊಂದರ ಮೇಲೂ ಅದರ ಹೆಸರು ಚುಕ್ಕಿಯಲ್ಲಿ. ಕುರುಡರು ತಮ್ಮ ಭವಿಷ್ಯವನ್ನು ತಾವೇ ತಡಕಾಡಿಕೊಳ್ಳಲಿ ಎಂದು.

ಕೆಲಸ ತಂದ ಹೆಂಗಸು ಎದುರಿಗೇ ಕೂತಿದ್ದಳು. ಧೂಪದ ವಾಸನೆ, ಬಳೆಯ ಸದ್ದು ಇರುತ್ತದೆ ಎಂದುಕೊಂಡಿದ್ದೆ. ಬಂದದ್ದು ಔಷಧದಂಗಡಿಯ ವಾಸನೆ. ವಾರವೆಲ್ಲ ಔಷಧದಂಗಡಿಯಲ್ಲಿ ಕೆಲಸ, ಶನಿವಾರ ಮಧ್ಯಾಹ್ನ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಮೇಜು ಹಾಕಿಕೊಂಡು ಕಾರ್ಡು ಓದುವುದು. ಕೂತವರಿಂದ ಏನೂ ತೆಗೆದುಕೊಳ್ಳುವುದಿಲ್ಲವಂತೆ.

"ಭವಿಷ್ಯ ಹೇಳಲ್ಲ ಮೇಡಂ ನಾನು. ಕಾರ್ಡು ತೆಗೀತಾರೆ, ಚಿತ್ರ ನೋಡ್ತಾರೆ, ಮನಸ್ಸಲ್ಲಿರೋದು ಬಾಯಿಗೆ ಬರತ್ತೆ. ಅಷ್ಟೇ. ಆದ್ರೆ ಕಣ್ಣಿಲ್ದೋರು ಬಂದ್ರೆ ಏನು ಬಂದಿದೆ ಅಂತ ನಾನೇ ಹೇಳ್ಬೇಕು. ನಾನು ಸುಳ್ಳು ಹೇಳಿದ್ರೆ?"

"ಹೇಳ್ತೀರಾ?" ಎಂದೆ.

"ಇಲ್ಲ. ಆದ್ರೆ ಅವ್ರಿಗೆ ಅದು ಹೇಗೆ ಗೊತ್ತಾಗ್ಬೇಕು?"

ಮಾತಿನಲ್ಲಿ ಸೋತಾಗ ನನಗೆ ಸಿಟ್ಟು ಬರುತ್ತದೆ. ಅವಳಿಗೆ ಕಾರ್ಡಮ್ಮ ಎಂದು ಹೆಸರಿಟ್ಟು ಎದ್ದು ಬಂದೆ.

ದಿನವೆಲ್ಲ ರೇಡಿಯೋ ಜೊತೆ ಏಳನೇ ತರಗತಿಯ ಭೂಗೋಳ. ರೇಡಿಯೋ ಎಂದರೆ ನನಗೆ ಮೂಲಪ್ರತಿ ಓದಿ ಹೇಳುವ ಹುಡುಗಿ. ಅವಳು ಗಟ್ಟಿಯಾಗಿ ಓದುತ್ತಾಳೆ, ನಾನು ಕರಡಿನ ಚುಕ್ಕಿಗಳ ಮೇಲೆ ಬೆರಳು ಸರಿಸುತ್ತ ತಪ್ಪು ಹಿಡಿಯುತ್ತೇನೆ. ಬೆಳಗ್ಗೆ ಒಂಬತ್ತಕ್ಕೆ ಹಚ್ಚಿದರೆ ಸಂಜೆ ಐದರವರೆಗೆ ಒಂದೇ ಶ್ರುತಿ. ಬಂದು ಎರಡು ವರ್ಷವಾಯಿತು, ಇನ್ನೂ ಳ ಹೊರಳುವುದಿಲ್ಲ. ಮಳೆಗೆ ಮಲೆ, ಹಳ್ಳಿಗೆ ಹಲ್ಲಿ. "ಹಲ್ಲಿಯ ಜನ ಬಾವಿಯ ನೀರು ಕುಡಿಯುತ್ತಾರೆ" ಎಂದು ಇವತ್ತು ಗಂಭೀರವಾಗಿ ಓದಿದಳು. ಳ ಬಂದಾಗಲೆಲ್ಲ ಪೆನ್ಸಿಲಿನಿಂದ ಮೇಜಿಗೆ ಒಂದು ಸಲ ಕುಟ್ಟಬೇಕು ಎಂದು ನಾನೇ ಕಾನೂನು ಮಾಡಿಟ್ಟಿದ್ದೇನೆ, ಇಲ್ಲದಿದ್ದರೆ ನನ್ನ ಗತಿ ಏನು? ಇಂಥ ನಾಲಿಗೆಯವಳನ್ನು ಓದುವ ಕೆಲಸಕ್ಕೆ ತೆಗೆದುಕೊಂಡವರಿಗೆ ಕಿವಿಯೇ ಇಲ್ಲ. ಈ ಕೆಲಸಕ್ಕೆ ಅವಳು ಲಾಯಕ್ಕಲ್ಲ.

ಮಾರ್ಚ್ 5, ಬುಧವಾರ

ಕಾರ್ಡಮ್ಮ ಹೆಸರುಗಳ ಪಟ್ಟಿ ತಂದಿದ್ದಳು. ಮೂಢ, ರಥ, ಗೋಪುರ, ಚಂದ್ರ, ಸೂರ್ಯ. ಹತ್ತನೆಯದು ಗಾಲಿ.

"ಚಕ್ರ ಅನ್ಬೋದಿತ್ತಲ್ಲ? ಗಾಲಿ ಅಂದ್ರೆ ಗುಜರಿ ಅಂಗಡಿ ನೆನಪಾಗತ್ತೆ" ಎಂದೆ.

"ಚಕ್ರ ಅಂದ್ರೆ ಜನ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತ್ಕೊಂಡ್ಬಿಡ್ತಾರೆ ಮೇಡಂ. ಗಾಲಿ ಅಂದ್ರೆ ಯಾರಿಗೂ ಹೆದರಿಕೆ ಇಲ್ಲ. ಅಂಗಡೀಲೂ ನಾನು ಹಾಗೇ. ಚೀಟೀಲಿ ಬರೆದಿರೋದನ್ನ ಹಾಗೇ ಓದಿದ್ರೆ ಅವ್ರು ಅರ್ಧ ಮಾತ್ರೆ ತಗೊಳಲ್ಲ. ಹೊಟ್ಟೆಗೆ ಒಂದು, ತಲೆಗೆ ಒಂದು ಅಂದ್ರೆ ತಗೋತಾರೆ."

ಹದಿಮೂರನೆಯದಕ್ಕೆ ಬಂದಾಗ ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. ಅದು ಸಾವು. "ಪಾಪ, ಮೊದಲೇ ಕಣ್ಣಿಲ್ಲದವ್ರು. ಅದರ ಬದ್ಲು 'ಬದಲಾವಣೆ' ಅಂತ ಹಾಕಿದ್ರೆ ಹೇಗೆ?" ಎಂದರು.

ನನಗೆ ಮೈ ಉರಿದುಹೋಯಿತು. ಮೂಲದಲ್ಲಿ ಏನಿದೆಯೋ ಅದು ಚುಕ್ಕಿಯಲ್ಲೂ ಇರಬೇಕು, ಅದು ಬಿಟ್ಟು ಈ ಮುದ್ರಣಾಲಯಕ್ಕೆ ಬೇರೆ ಧರ್ಮವಿಲ್ಲ. "ಕಣ್ಣಿದ್ದೋರಿಗೆ ಸಾವು, ನಮಗೆ ಬದಲಾವಣೆನಾ? ನಾವೇನು ಸಾಯಲ್ವಾ?" ಎಂದೆ. ಮ್ಯಾನೇಜರು ಸಾವನ್ನೇ ಉಳಿಸಿದರು. ಕಾರ್ಡಮ್ಮ ಬಾಗಿಲ ಬಳಿ ನನ್ನ ಕೈ ಹಿಡಿದು ಕುಲುಕಿದಳು. ನಾನು ಅವಳ ಪರವಾಗಿ ಮಾತಾಡಲಿಲ್ಲ, ಮೂಲಪ್ರತಿಯ ಪರವಾಗಿ ಮಾತಾಡಿದೆ. ಅವಳಿಗೆ ವ್ಯತ್ಯಾಸ ತಿಳಿಯಿತೋ ಇಲ್ಲವೋ.

ಮಾರ್ಚ್ 11, ಮಂಗಳವಾರ

ಬೆಳಗ್ಗೆ ಮೊಟ್ಟೆ ಬೇಯಿಸುವಾಗ ಪಾತ್ರೆಯ ಅಂಚಿಗೆ ಬೆರಳು ತಗುಲಿತಂತೆ. ತಗುಲಿದ್ದು ಗೊತ್ತಾಗಲಿಲ್ಲ. ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಓಡಿ ಬಂದು ಕೂಗಿದ ಮೇಲೆ ಗೊತ್ತಾಯಿತು. ನೋವಾಗಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು. ಅಕ್ಕನದು ಮಾತ್ರ ನಿಲ್ಲಲಿಲ್ಲ.

"ಸಕ್ಕರೆ ಪರೀಕ್ಷೆ ಮಾಡ್ಸು ಅಂತ ಎಷ್ಟು ಸಲ ಬಡ್ಕೊಂಡೆ? ಗಂಡ ಸತ್ತು ನಾನು ಇಲ್ಲಿಗೆ ಬಂದಾಗಿಂದ ಹೇಳ್ತಿದೀನಿ, ಏಳು ವರ್ಷ ಆಯ್ತು."

"ಮುಂದಿನ ವಾರ."

"ಯಾವ ವರ್ಷದ ಮುಂದಿನ ವಾರ?"

ಹಿಂದಿನ ದಿನಗಳ ಈ ಬರಹವನ್ನು ಒಮ್ಮೆ ಓದಿಕೊಳ್ಳೋಣ ಎಂದು ಹಾಳೆ ತೆಗೆದೆ. ಈಚೆಗೆ ಬರುವ ಕಾಗದ ಏನೇನೂ ಚೆನ್ನಾಗಿಲ್ಲ, ಚುಕ್ಕಿ ಏಳುವುದೇ ಇಲ್ಲ. ಚುಕ್ಕಿ ಒತ್ತುವ ಮೊಳೆಯನ್ನು ಗಟ್ಟಿಯಾಗಿ ಒತ್ತಿ ಬರೆದರೂ ಅಷ್ಟೇ. ಅರ್ಧಕ್ಕೇ ಬಿಟ್ಟೆ. ಕಾಗದದವರಿಗೆ ಒಂದು ಕಾಗದ ಬರೆಯುವಂತೆ ಮ್ಯಾನೇಜರಿಗೆ ಹೇಳಬೇಕು.

ಮಾರ್ಚ್ 14, ಶುಕ್ರವಾರ

ಕಾರ್ಡುಗಳ ಕರಡು ಮುಗಿಯಿತು. ಕಾರ್ಡಿಗೇ ಚುಕ್ಕಿ ಒತ್ತಲು ಕಾರ್ಡಮ್ಮ ಬಿಡಲಿಲ್ಲ, ಹಿಂಬದಿಯಲ್ಲೂ ಮೂಡುತ್ತದೆ ಎಂದು. "ಕಣ್ಣಿದ್ದೋರು ನೋಡ್ದೆ ತೆಗೀತಾರೆ. ನೀವು ಹಿಂದಿನಿಂದ ಸವರಿದ್ರೇ ಗೊತ್ತಾಗೋ ಹಾಗಿದ್ರೆ ಅದು ಮೋಸ" ಎಂದಳು. ಕಳ್ಳತನದ ದಾರಿ ಮುಚ್ಚುವ ಹೆಂಗಸು, ಅದೊಂದು ಗುಣ ಮೆಚ್ಚಿದೆ. ಆದ್ದರಿಂದ ತೆಳು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಚುಕ್ಕಿ ಒತ್ತಿ, ಚಿತ್ರ ಕಾಣುವ ಹಾಗೆ ಅದರ ಮೇಲೆಯೇ ಅಂಟಿಸಿದ್ದಾರೆ.

ರೇಡಿಯೋ ಗೊಣಗಿದಳು. "ಈ ಪಟ್ಟಿ ಮೇಲೆ ಚುಕ್ಕಿ ಕಾಣೋದೇ ಇಲ್ಲ ಮೇಡಂ. ಕೆಲಗೆ ಬಣ್ಣ ಬಣ್ಣದ ಚಿತ್ರ, ಮೇಲೆ ಪ್ಲಾಸ್ಟಿಕ್ ಮಿಂಚತ್ತೆ. ಇವತ್ತು ಬೇಡ, ಅಂಟಿಸದೇ ಇರೋ ಪಟ್ಟಿ ಒಂದು ಸೆಟ್ ತರಿಸ್ಲಾ?"

"ನೀನ್ಯಾಕೆ ನೋಡ್ಬೇಕು? ಮುಟ್ಟೋಳು ನಾನು. ನೀನು ಓದು."

ಓದಿದಳು. ಎಪ್ಪತ್ತೆಂಟು ಹೆಸರು, ಊಟದ ಹೊತ್ತಿಗೆ ಮುಗಿಯಿತು. ಒಂದೂ ತಪ್ಪಿಲ್ಲ. ಕೊನೆಗೆ ಮತ್ತೊಮ್ಮೆ ಶುರುವಿನಿಂದ ನೋಡೋಣವಾ ಎಂದಳು. ನನ್ನ ಬೆರಳಿನ ಮೇಲೆ ಅನುಮಾನವೇ ಎಂದು ಕೇಳಿದೆ. ತೆಪ್ಪಗಾದಳು.

ಮಾರ್ಚ್ 18, ಮಂಗಳವಾರ

ವಿಜ್ಞಾನದ ಪ್ರಶ್ನೆಪತ್ರಿಕೆ. ರೇಡಿಯೋ ಇವತ್ತು ಮೂರು ಸಲ "ಈ ಸಾಲು ಇನ್ನೊಮ್ಮೆ ನೋಡ್ತೀರಾ?" ಎಂದಳು. ಮೂರು ಸಲವೂ ತಪ್ಪಿತ್ತು, ಅದು ಬೇರೆ ಮಾತು. ಯಂತ್ರದ ಹಲ್ಲು ಸವೆದಿದೆ, ಯಾರ ಬೆರಳಿಗೂ ಒಂದು ಸಲಕ್ಕೆ ಸಿಗುವುದಿಲ್ಲ.

ಭೂಗೋಳದಲ್ಲಿ ಒಂದೇ ಒಂದು ತಪ್ಪೂ ಉಳಿದಿಲ್ಲ ಎಂದು ಶಾಲೆಯವರು ಬರೆದಿದ್ದಾರಂತೆ. ಮ್ಯಾನೇಜರು ಎಲ್ಲರೆದುರು ನನ್ನನ್ನು ಹೊಗಳಿದರು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಸಂಜೆ ಎಲ್ಲರೂ ಹೊರಟ ಮೇಲೂ ರೇಡಿಯೋ ಮೇಜಿನ ದೀಪ ಹಾಕಿಕೊಂಡು ಕೂತಿರುತ್ತಾಳೆ ಎಂದು ಕಾವಲಿನವನು ಹೇಳಿದ. ಮನೆಯಲ್ಲಿ ಕೆಲಸವಿಲ್ಲವೋ, ಮನೆಗೆ ಹೋಗಲು ಮನಸ್ಸಿಲ್ಲವೋ.

ಮಾರ್ಚ್ 22, ಶನಿವಾರ

ಹೋಗಬಾರದಿತ್ತು. ಗ್ರಂಥಾಲಯದಲ್ಲಿ ಹೊಸ ಕಾರ್ಡಿನ ಮೊದಲ ದಿನವೆಂದು ಅಕ್ಕ ಎಳೆದುಕೊಂಡು ಹೋದಳು. ಅವಳು ಅಲ್ಲಿಗೆ ಹೋಗುವುದು ಇದು ನಾಲ್ಕನೇ ಸಲ ಎಂದು ಅಲ್ಲಿ ಎಲ್ಲರೂ ಅವಳನ್ನು ಮಾತಾಡಿಸಿದಾಗಲೇ ನನಗೆ ತಿಳಿದದ್ದು. ನನಗೆ ಹೇಳುತ್ತಿದ್ದದ್ದು ಗುಂಡಿ ಕೊಳ್ಳಲು ಹೋಗುತ್ತೇನೆ ಎಂದು.

ಗ್ರಂಥಾಲಯದ ಪತ್ರಿಕೆಗಳ ಕೋಣೆಯಲ್ಲಿ ಇಪ್ಪತ್ತು, ಇಪ್ಪತ್ತೈದು ಜನ. ಮ್ಯಾನೇಜರೂ ರೇಡಿಯೋವೂ ಬಂದಿದ್ದರು. ಮೂಲೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪತ್ರಿಕೆ ಪಟಪಟ ಮಡಿಸುತ್ತ, "ಪುಸ್ತಕ ಇಡೋ ಜಾಗದಲ್ಲಿ ಮೂಢನಂಬಿಕೆ ಇಟ್ಟಿದಾರೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು. ಮೇಜಿಗೆ ಅನುಮತಿ ಕೊಡಬಾರದೆಂದು ಅರ್ಜಿ ಕೊಟ್ಟಿರುವವರು ಅವರೇ ಎಂದು ಅಕ್ಕ ಪಿಸುಗುಟ್ಟಿದಳು.

ಮೊದಲು ಕೂತವನು ಆಸ್ಪತ್ರೆಯ ಟೆಲಿಫೋನ್ ಆಪರೇಟರ್, ನನ್ನ ಹಾಗೆಯೇ ಹುಟ್ಟುಕುರುಡ. ಕಾರ್ಡಮ್ಮ ಕಾರ್ಡು ಕಲೆಸಿ ಹರಡಿದಳು. ಅವನು ಒಂದನ್ನು ತೆಗೆದು, ಬೆರಳು ಸರಿಸಿ, ದೊಡ್ಡ ದನಿಯಲ್ಲಿ ಓದಿದ. "ಗಾಳಿ."

ಅವನೇ ಮುಂದುವರಿಸಿದ. "ಸರಿಯಾಗೇ ಬಂದಿದೆ ಬಿಡಿ. ನಮ್ಮ ಕಡೆ ಆಪರೇಟರುಗಳನ್ನ ತೆಗೆದು ಯಂತ್ರ ಹಾಕ್ತಾರಂತೆ ಅಂತ ಗಾಳಿಮಾತು. ನಿದ್ದೆ ಕೆಟ್ಟು ಹೋಗಿದೆ."

ಕಾರ್ಡಮ್ಮ ಸುಮ್ಮನಿದ್ದರೆ ಮುಗಿದಿತ್ತು. ಕಾರ್ಡು ಹೊಂದಿಕೊಂಡಿತ್ತು, ಅವನು ಮಾತಾಡಲು ಶುರು ಮಾಡಿದ್ದ, ಜನ ಕಿವಿ ನೆಟ್ಟಿದ್ದರು. ಅವಳು ಹೇಳಿದಳು: "ಒಂದು ನಿಮಿಷ. ಗಾಳಿ ಅನ್ನೋ ಕಾರ್ಡು ಇದರಲ್ಲಿಲ್ಲ. ಚಿತ್ರದಲ್ಲಿರೋದು ಗಾಲಿ. ಅಚ್ಚಿನಲ್ಲಿ ತಪ್ಪಾಗಿದೆ. ಕ್ಷಮಿಸಿ."

ಮೇಷ್ಟ್ರು ಗಹಗಹಿಸಿ ನಕ್ಕರು. "ನೋಡಿದ್ರಾ? ಕಾರ್ಡೂ ಸುಳ್ಳು!"

ಆಪರೇಟರ್ ಅತ್ತ ತಿರುಗಿದ. "ಸರ್, ನನಗೆ ಇಷ್ಟು ವಯಸ್ಸಾಯ್ತು. ಯಾರೂ ಹೇಳಿಕೊಡ್ದೆ ಇಂಥದೊಂದನ್ನ ನಾನೇ ಓದಿದ್ದು ಇವತ್ತೇ. ತಪ್ಪಿದ್ರೆ ತಪ್ಪನ್ನೂ ನಾನೇ ಓದಿದೆ. ನಿಮಗೇನು ಕಷ್ಟ?"

ಜನ ನಕ್ಕರು, ಈ ಸಲ ಮೇಷ್ಟ್ರ ಕಡೆಗೆ. ನನಗೆ ನಗು ಬರಲಿಲ್ಲ. ಕಾರ್ಡನ್ನು ನನ್ನ ಕೈಗೆ ಕೊಡಿ ಎಂದೆ. ಎರಡು ಸಲ, ಮೂರು ಸಲ ಮುಟ್ಟಿದೆ. ಗಾಲಿ ಎಂದೇ ಇತ್ತು. ಪ್ಲಾಸ್ಟಿಕ್ ಜರುಗಿದೆ, ಅದಕ್ಕೆ ಅವನಿಗೆ ಹಾಗೆ ಅನ್ನಿಸಿರಬೇಕು ಎಂದೆ. ಆಪರೇಟರ್ ಮತ್ತೆ ಮುಟ್ಟಿ, "ಇಲ್ಲ ಮೇಡಂ, ಳ ಇದೆ" ಎಂದ. ಮೆಲ್ಲಗೆ ಹೇಳಿದ. ಅಷ್ಟು ಮೆಲ್ಲಗೆ ಹೇಳುವ ಅಗತ್ಯವಿರಲಿಲ್ಲ.

ಮಾರ್ಚ್ 24, ಸೋಮವಾರ

ತಪ್ಪು ರೇಡಿಯೋಳದು ಎಂದು ತೀರ್ಮಾನವಾಯಿತು. ಇದು ಯಾರಿಗಾದರೂ ಹೊಳೆಯುವಂಥದ್ದು. ಬ್ರೈಲಿನಲ್ಲಿ ಒಂದೊಂದು ಅಕ್ಷರದ ಮನೆಯಲ್ಲಿ ಆರು ಚುಕ್ಕಿಯ ಜಾಗ, ಎಡಕ್ಕೆ ಮೂರು, ಬಲಕ್ಕೆ ಮೂರು. ಎಡಸಾಲಿನ ಮೂರೂ ಎದ್ದರೆ ಲ, ಬಲಸಾಲಿನ ಮೂರೂ ಎದ್ದರೆ ಳ. ಒಂದೇ ಗೀಟು, ಒಂದು ಎಳ್ಳಿನಷ್ಟು ಆಚೀಚೆ. ಲ, ಳ ಎರಡನ್ನೂ ಒಂದೇ ಮಾಡಿ ಓದುವವಳು ಮೂಲಪ್ರತಿ ಹಿಡಿದರೆ ಇನ್ನೇನಾಗುತ್ತದೆ? ಮ್ಯಾನೇಜರು ಹೀಗೆಯೇ ಹೇಳಿದರು.

ರೇಡಿಯೋ ಎದುರು ಮಾತಾಡಲಿಲ್ಲ. "ನಾನೇ ಸರಿಯಾಗಿ ಓದಿಲ್ಲ ಅನ್ಸತ್ತೆ ಸರ್" ಎಂದಳು.

ತಿಂಗಳ ಕೊನೆಗೆ ಅವಳ ಕರಾರು ಮುಗಿಯುತ್ತದೆ, ಈ ಸಲ ಮುಂದುವರಿಸುವುದಿಲ್ಲ ಎಂದರು. ಮುಖ್ಯ ಕಚೇರಿಗೆ ಯಾರನ್ನಾದರೂ ತೋರಿಸಬೇಕಂತೆ. ನನ್ನ ಅಭಿಪ್ರಾಯ ಕೇಳಿದರು. ಉಚ್ಚಾರದ ವಿಷಯ ನಾನು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದೇನೆ ಎಂದೆ. ಅದು ನಿಜವೇ.

ಮಾರ್ಚ್ 26, ಬುಧವಾರ

ಅವಳು ಕುಟ್ಟಿರಲಿಲ್ಲ.

ಬಸ್ಸಿನಲ್ಲಿ ಕೂತಾಗ ನೆನಪಾಯಿತು. ಹದಿನಾಲ್ಕನೇ ತಾರೀಕು ಅವಳು ಗಾಲಿ ಎಂದಳು, ಮೇಜು ಕುಟ್ಟಲಿಲ್ಲ. ಎರಡು ವರ್ಷದಲ್ಲಿ ಒಂದೇ ಒಂದು ಳಕ್ಕೂ ಕುಟ್ಟುವುದನ್ನು ಅವಳು ಮರೆತಿಲ್ಲ. ಕುಟ್ಟಲಿಲ್ಲ ಎಂದರೆ ಓದಿದ್ದು ಲ. ನನ್ನ ಬೆರಳ ಕೆಳಗೆ ಳ ಇತ್ತು. ಬೆರಳಿಗೆ ಅದು ಸಿಕ್ಕಿದ್ದರೆ ನಾನು ಅಲ್ಲೇ ನಿಂತು ಬೈದು ಕೇಳುತ್ತಿದ್ದೆ, ದಿನಕ್ಕೆ ಹತ್ತು ಸಲ ಕೇಳುತ್ತೇನಲ್ಲ ಹಾಗೆ. ನಿಲ್ಲಲಿಲ್ಲ. ಮುಂದಕ್ಕೆ ಹೋದೆ.

ಈ ಕುಟ್ಟುವ ವಿಷಯ ಗೊತ್ತಿರುವುದು ನಮ್ಮಿಬ್ಬರಿಗೇ. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾಕೆ ಹೇಳಲಿಲ್ಲ?

ಮಾರ್ಚ್ 27, ಗುರುವಾರ

ಇವತ್ತೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮಾರ್ಚ್ 28, ಶುಕ್ರವಾರ

ಇತಿಹಾಸದ ಪ್ರಶ್ನೆಪತ್ರಿಕೆ. ಅವಳು ಓದಿದಳು, ನಾನು ಬೆರಳು ಸರಿಸಿದೆ. ಳ ಬಂದ ಕಡೆಯೆಲ್ಲ ಕುಟ್ಟಿದಳು. ಸೋಮವಾರ ಕಡೆಯ ದಿನ ಎಂದು ತನ್ನ ಲೋಟ, ಸ್ವೆಟರು ಚೀಲಕ್ಕೆ ಹಾಕಿಕೊಂಡಳು.

ಮಾರ್ಚ್ 29, ಶನಿವಾರ

ತಪ್ಪಿದ ಪಟ್ಟಿಯನ್ನು ವಾಪಸು ತರುವ ನೆಪದಲ್ಲಿ ಗ್ರಂಥಾಲಯಕ್ಕೆ ಹೋದೆ. ಅಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದೆ.

ಮೇಜಿನ ಎದುರು ಮೇಷ್ಟ್ರು ಕೂತಿದ್ದರು. ಕಾರ್ಡು ಸುಳ್ಳು ಎಂದು ಸಾಧಿಸಲು ಬಂದವರು ತಮ್ಮ ತಮ್ಮನ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟ ಕಥೆ ಹೇಳುತ್ತಿದ್ದರು. ಏಳುವಾಗ "ನಾನಿದನ್ನೆಲ್ಲ ನಂಬಲ್ಲ, ಗೊತ್ತಿರ್ಲಿ" ಎಂದರು. ಕಾರ್ಡಮ್ಮ "ನಂಬ್ಬೇಡಿ ಸರ್, ಮುಂದಿನ ವಾರ ಬನ್ನಿ" ಎಂದಳು. ಅರ್ಜಿ ಹಿಂದಕ್ಕೆ ತೆಗೆದುಕೊಂಡರೋ ಇಲ್ಲವೋ ನಾನು ಕೇಳಲಿಲ್ಲ. ಗಾಲಿಯ ತಪ್ಪನ್ನು ಅವಳು ಕೂತ ಪ್ರತಿಯೊಬ್ಬರಿಗೂ ಮೊದಲೇ ಹೇಳುತ್ತಾಳಂತೆ, ಅದನ್ನು ಕೇಳಿದ ಮೇಲೆ ಜನ ಜಾಸ್ತಿ ನಿರಾಳವಾಗಿ ಮಾತಾಡುತ್ತಾರಂತೆ. ಅಂಗಡಿಯಲ್ಲೂ ಹಾಗೆಯೇ, ಈ ಮಾತ್ರೆಗೆ ಹೊಟ್ಟೆ ಉರಿಯುತ್ತದೆ ಎಂದು ಹೇಳಿಯೇ ಕೊಟ್ಟರೆ ನಂಬುತ್ತಾರೆ ಎಂದಳು.

"ಬಂದಿದೀರಿ, ಒಂದು ತೆಗೀರಿ" ಎಂದಳು.

ಬೇಡ ಎನ್ನಲು ಹೊರಟವಳು ಯಾಕೋ ತೆಗೆದೆ. ಪಟ್ಟಿ ಸಿಕ್ಕಿತು. ಎಡಗೈಯಿಂದ ಮುಟ್ಟಿದೆ, ಬಲಗೈಯಿಂದ ಮುಟ್ಟಿದೆ. ತುದಿಯಲ್ಲಿ ಏನೋ ಒರಟು ಇತ್ತು, ಅದಕ್ಕಿಂತ ಹೆಚ್ಚಿಲ್ಲ. "ಚಂದ್ರ" ಎಂದೆ. ಎಪ್ಪತ್ತೆಂಟರಲ್ಲಿ ಒಂದು ಇದ್ದೇ ಇರುತ್ತದೆ.

"ಇನ್ನೊಂದ್ಸಲ ಓದ್ತೀರಾ?" ಎಂದಳು.

"ಸೂರ್ಯ."

"ಇನ್ನೂ ಒಂದ್ಸಲ" ಎಂದಳು. "ಏನಿದೆ ಅಂತ ನೀವೇ ಹೇಳ್ಬಿಡಿ" ಎಂದೆ.

"ನಾನು ಹೇಳಲ್ಲ ಮೇಡಂ. ನಾನು ಹೇಳ್ಬಾರ್ದು ಅಂತಾನೇ ಅಲ್ವಾ ಇದನ್ನ ಮಾಡ್ಸಿದ್ದು? ನಿಧಾನಕ್ಕೆ ಓದಿ. ನನಗೇನು ಅವಸರ ಇಲ್ಲ."

ಅವಳಿಗೆ ನಿಜವಾಗಿಯೂ ಅವಸರವಿರಲಿಲ್ಲ. ಯಾರೋ ಬಂದು ಸರದಿ ಕೇಳಿದರು, ಆಮೇಲೆ ಬನ್ನಿ ಎಂದಳು. ಗೋಡೆಯ ಗಡಿಯಾರ ಕಾಲು ಗಂಟೆ ಬಾರಿಸಿತು. ನಾನು ಅಕ್ಷರದ ಮನೆ ಒಂದೊಂದನ್ನೇ ಹಿಡಿಯಲು ನೋಡಿದೆ. ಐದನೇ ವಯಸ್ಸಿನಲ್ಲಿ ಮೊದಲ ಅಕ್ಷರ ಬೆರಳಿಗೆ ಬಂದಾಗ ನಾನು ಶಾಲೆಯ ಅಂಗಳದಲ್ಲೆಲ್ಲ ಓಡಿ, ಕಂಬಕ್ಕೆ ಡಿಕ್ಕಿ ಹೊಡೆದು ಹಣೆ ಒಡೆದುಕೊಂಡಿದ್ದೆ. ಅದು ನೆನಪಾಗಿ ಅಳು ಬಂತು. ಮೂವತ್ತೊಂದು ವರ್ಷ ಊರಿನ ಕುರುಡು ಮಕ್ಕಳೆಲ್ಲ ಓದಿದ್ದು ಈ ಬೆರಳು ದಾಟಿ ಹೋದದ್ದನ್ನು.

"ನಂಗೆ ಓದೋಕಾಗ್ತಿಲ್ಲ" ಎಂದೆ.

ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಾಗದ ಸರಿಯಿಲ್ಲ, ಯಂತ್ರ ಸರಿಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಕಾರ್ಡಮ್ಮ ಅಯ್ಯೋ ಪಾಪ ಎನ್ನಲಿಲ್ಲ, ಔಷಧವನ್ನೂ ಹೇಳಲಿಲ್ಲ. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತಳು. ಎಷ್ಟೋ ಹೊತ್ತಿನ ಮೇಲೆ "ಇದು ಇನ್ಯಾರಿಗೆ ಗೊತ್ತಾಗ್ಬೇಕು?" ಎಂದು ಕೇಳಿದಳು.

ನಾನು ತೆಗೆದದ್ದು ಯಾವ ಕಾರ್ಡೋ ಕೊನೆಗೂ ಗೊತ್ತಾಗಲಿಲ್ಲ. ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಪ್ಪಿದ ಪಟ್ಟಿಯನ್ನು ಮರೆತು ಬಂದೆ.

ಮಾರ್ಚ್ 31, ಸೋಮವಾರ

ಬೆಳಗ್ಗೆ ನೇರವಾಗಿ ಮ್ಯಾನೇಜರ ಕೋಣೆಗೆ ಹೋದೆ. ಚಹಾ ಕುಡಿಯುತ್ತಿದ್ದರು. ಪೀಠಿಕೆ ಹಾಕಿದರೆ ಹೇಳದೆ ಬಂದುಬಿಡುತ್ತೇನೆ ಎಂದು ಗೊತ್ತಿತ್ತು, ಕೂರಲೂ ಇಲ್ಲ.

"ಗಾಲಿಯ ತಪ್ಪು ನಂದು. ಅವಳು ಸರಿಯಾಗೇ ಓದಿದ್ಲು. ನನ್ನ ಬೆರಳು ಕೈ ಕೊಟ್ಟಿವೆ."

ಮ್ಯಾನೇಜರು ನಕ್ಕರು. ತಮಾಷೆ ಎಂದುಕೊಂಡರು. ನಾನು ನಗದೆ ನಿಂತದ್ದನ್ನು ನೋಡಿ ಲೋಟ ಕೆಳಗಿಟ್ಟರು.

"ಕೈ ಕೊಟ್ಟಿವೆ ಅಂದ್ರೆ?"

ಕುಟ್ಟುವ ಕಾನೂನಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಕಾರ್ಡು ಓದಲಾಗದೆ ಕೂತದ್ದನ್ನೂ ಹೇಳಿದೆ.

"ಎಷ್ಟು ದಿನದಿಂದ?"

"ಈಚೆಗೆ. ಒಂದೆರಡು ತಿಂಗಳಿಂದ ಇರಬೋದು."

"ಹದಿನಾಲ್ಕು ತಿಂಗಲು ಸರ್."

ಬಾಗಿಲಲ್ಲಿ ರೇಡಿಯೋ ನಿಂತಿದ್ದಳು. ಬೀಗದ ಕೈ ಒಪ್ಪಿಸಲು ಬಂದಿದ್ದಳಂತೆ. ಮ್ಯಾನೇಜರು ಎದ್ದು ನಿಂತರು. "ಹದಿನಾಲ್ಕು ತಿಂಗಳು! ಆ ಪರೀಕ್ಷೆ ಪತ್ರಿಕೆಗಳೆಲ್ಲ ಹೊರಗೆ ಹೋಗಿವೆಯಲ್ಲ?"

"ಎಲ್ಲಾನೂ ನೋಡಿದೀನಿ ಸರ್. ಎರಡೆರಡು ಸಲ. ಸಂಜೆ ಎಲ್ಲರೂ ಹೋದ ಮೇಲೆ ದೀಪ ಓರೆ ಮಾಡಿ ಇಟ್ಟರೆ ಚುಕ್ಕಿಗೆ ನೆರಲು ಬೀಲತ್ತೆ, ಕಣ್ಣಲ್ಲೇ ಓದ್ಬೋದು. ಅಕ್ಷರ ಎಲ್ಲಾ ಕಲಿತ್ಕೊಂಡೆ. ಆ ಪ್ಲಾಸ್ಟಿಕ್ ಪಟ್ಟಿ ಒಂದರಲ್ಲಿ ನೆರಲು ಬೀಲಲಿಲ್ಲ."

ಭೂಗೋಳ ಅವಳದು. ವಿಜ್ಞಾನ ಅವಳದು. ನನಗೆ ಸಿಕ್ಕಿದ ಹೊಗಳಿಕೆ ಅವಳದು. ನನಗೆ ಕೂರಬೇಕೆನಿಸಿತು, ಕುರ್ಚಿ ಎಲ್ಲಿದೆ ಎಂದು ತಿಳಿಯಲಿಲ್ಲ. ಅವಳೇ ತಂದು ಹಿಂದಕ್ಕೆ ಇಟ್ಟಳು.

"ಯಾಕೆ ಹೇಳ್ಲಿಲ್ಲ ನೀನು?"

"ಹೇಲಿದ್ರೆ ನೀವು ಮಾರನೇ ದಿನದಿಂದ ಬರ್ತಿರ್ಲಿಲ್ಲ. ನಂಗೆ ಗೊತ್ತಿತ್ತು."

ಸರಿಯಾಗಿಯೇ ಗೊತ್ತಿತ್ತು.

ಮ್ಯಾನೇಜರು ಒಂದು ಗಂಟೆ ಫೋನಿನಲ್ಲಿದ್ದರು. ರೇಡಿಯೋಳ ಕರಾರು ಮುಂದುವರಿಯುತ್ತದೆ. ಶಾಲೆಯಿಂದ ಒಬ್ಬ ಹೊಸ ಕರಡು ತಿದ್ದುವವಳನ್ನು ಕಳಿಸುತ್ತಾರೆ. ನಾನು ನಾಳೆಯಿಂದ ಕರಡು ಮುಟ್ಟುವ ಹಾಗಿಲ್ಲ. ಹೊಸಬಳಿಗೆ ಕಲಿಸಲು ಮೂರು ತಿಂಗಳು, ಆಮೇಲೆ ಏನು ಎಂದು ಅವರು ಹೇಳಲಿಲ್ಲ. ಕಾರ್ಡಿನ ಪಟ್ಟಿಯನ್ನು ಮತ್ತೆ ಅಚ್ಚು ಹಾಕುವುದು, ಇನ್ನೆರಡು ಗ್ರಂಥಾಲಯದವರು ಕೇಳಿದ್ದಾರೆ, ಅವರಿಗೂ ಕೊಡುವುದು. ತಪ್ಪು ಮುದ್ರಣಾಲಯದ್ದು, ಕಾರ್ಡಿನದಲ್ಲ ಎಂದು ಗ್ರಂಥಾಲಯಕ್ಕೆ ಕಾಗದ ಬರೆಯಿರಿ ಎಂದೆ. ಬರೆಸಿ, ನಾನೇ ಸಹಿ ಹಾಕಿದೆ. ಸಹಿ ಗೀಟಿನ ಮೇಲೆ ಬಿತ್ತೋ ಇಲ್ಲವೋ.

ಏಪ್ರಿಲ್ 2, ಬುಧವಾರ

ವೈದ್ಯರ ಹತ್ತಿರ ಅಕ್ಕನ ಜೊತೆ ಹೋಗಿ ಬಂದೆ. ಸಕ್ಕರೆ ವಿಪರೀತ. ನರಗಳು ಹೋಗಿರುವುದು ಹೋಗಿವೆ, ಇರುವುದನ್ನು ಉಳಿಸಿಕೊಳ್ಳಬಹುದು ಎಂದರು. ಅಕ್ಕ ನಾನು ಹೇಳಿರಲಿಲ್ಲವಾ ಎನ್ನುತ್ತಾಳೆಂದು ಕಾದೆ. ದಾರಿಯುದ್ದಕ್ಕೂ ಅನ್ನಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಶನಿವಾರ ಗ್ರಂಥಾಲಯಕ್ಕೆ ಹೋಗಬೇಕು. ಆಪರೇಟರ್ ಇನ್ನಿಬ್ಬರನ್ನು ಕರೆತರುತ್ತಾನಂತೆ, ಅವರಲ್ಲೊಬ್ಬಳು ಈಚೆಗೆ ಕಣ್ಣು ಕಳೆದುಕೊಂಡವಳು, ಇನ್ನೂ ಚುಕ್ಕಿ ಬಾರದು. ಕಾರ್ಡಿನಲ್ಲಿ ಒಂದೊಂದೇ ಪದ, ಕಲಿಯಲು ಅದಕ್ಕಿಂತ ಸುಲಭದ್ದಿಲ್ಲ. ಕಾರ್ಡಮ್ಮನಿಗೆ ಕಲಿಸುವ ಕ್ರಮ ತಿಳಿಯದು, ಮೂಢನಿಂದಲೇ ಶುರು ಮಾಡಿಬಿಡುತ್ತಾಳೆ. ಮೊದಲು ರಥ, ಆಮೇಲೆ ಗಾಲಿ ಮಾಡಬೇಕು.

ಈ ಹಾಳೆಗಳನ್ನು ಇವತ್ತು ಮುಂದಿಟ್ಟುಕೊಂಡು ಕೂತಿದ್ದೆ. ಬರೆಯುವುದೇನೋ ಬರೆಯಬಲ್ಲೆ, ಮೊಳೆ ಎಲ್ಲಿ ಒತ್ತಬೇಕೆಂದು ಕೈಗೆ ಗೊತ್ತಿದೆ. ಬರೆದದ್ದನ್ನು ಓದಿಕೊಳ್ಳಲಾರೆ. ಒಂದು ತಿಂಗಳು ಏನೇನು ಬರೆದಿದ್ದೇನೋ ಅರ್ಧ ಮರೆತಿದೆ. ತಿಳಿಯಬೇಕೆಂದರೆ ಯಾರಾದರೂ ಓದಿ ಹೇಳಬೇಕು, ಚುಕ್ಕಿ ಬಲ್ಲವರು ಮನೆಯಲ್ಲಿ ಯಾರಿದ್ದಾರೆ?

ನಾಳೆ ರೇಡಿಯೋಗೆ ಕೊಡುತ್ತೇನೆ. ಒಂದೂ ಸಾಲು ಬಿಡದೆ ಗಟ್ಟಿಯಾಗಿ ಓದು ಎನ್ನುತ್ತೇನೆ, ಮಾರ್ಚ್ ಮೂರರಿಂದ.